ಅಳಿಲು ಸೇವೆ ಮತ್ತು ಅಳಿಲಿನ ಸೇವೆ



ಗುಡ್ಡ ಹತ್ತಿ ಬಂದು, ದರ್ಶನ ಮುಗಿಸಿ, ಪ್ರಸಾದ ಹಿಡಿದುಕೊಂಡು ಕಛೇರಿಯ ಕಿಟಕಿಗೆ ಬರುವವರಲ್ಲಿ ಹತ್ತಕ್ಕೆ ಇಬ್ಬರಾದರೂ ಒಂದು ಮಾತು ಹೇಳ್ತಾರೆ. ನೂರ ಒಂದೋ ಐನೂರೋ ಮುಂದಿಟ್ಟು, "ನಮ್ಮದೊಂದು ಸಣ್ಣ ಅಳಿಲು ಸೇವೆ, ಬರ್ಕೊಳ್ಳಿ" ಅಂತ. ನಾನು ಹೆಸರು, ನಕ್ಷತ್ರ, ರಾಶಿ ಕೇಳಿ ರಶೀದಿ ಬರೆಯುತ್ತೇನೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಕೇಳಿ ಕೇಳಿ ಆ ಮಾತಿನೊಳಗೆ ನಿಜವಾದ ಒಂದು ಅಳಿಲು ಉಂಟು ಎಂಬುದೇ ನನಗೆ ಮರೆತುಹೋಗಿತ್ತು. ಅದು ನೆನಪಾದ ಸಂಗತಿಯನ್ನು ಇಲ್ಲಿ ಬರೆಯುತ್ತೇನೆ. ನಾನು ಓದಿದ್ದು ಪಿಯುಸಿ ಮಾತ್ರ, ಶಾಸ್ತ್ರ ತಿಳಿದವನಲ್ಲ. ತಪ್ಪಿದ್ದರೆ ತಿಳಿದವರು ತಿದ್ದಬೇಕು.

ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಲಂಕೆಗೆ ಸೇತುವೆ ಕಟ್ಟುವಾಗ ಕಪಿಗಳು ಬೆಟ್ಟ ಹೊತ್ತು ತಂದವು, ಅಳಿಲು ಮೈಗೆ ಮರಳು ಹತ್ತಿಸಿಕೊಂಡು ಬಂದು ಕೊಡವಿತು, ರಾಮದೇವರು ಬೆನ್ನು ಸವರಿದಾಗ ಮೂರು ಗೆರೆ ಮೂಡಿತು. ವಾಲ್ಮೀಕಿ ರಾಮಾಯಣದಲ್ಲಿ ಈ ಕಥೆ ಇಲ್ಲ, ಜನರ ಬಾಯಿಯಲ್ಲಿ ಬೆಳೆದು ಬಂದದ್ದು. ಆದರೆ ಹಳೆಯದು. ತಮಿಳಿನ ತೊಂಡರಡಿಪ್ಪೊಡಿ ಆಳ್ವಾರರು ತಮ್ಮ ತಿರುಮಾಲೈಯಲ್ಲಿ ಈ ಅಳಿಲನ್ನು ನೆನೆದು, ತಾನು ಅದಕ್ಕೆ ಸಮನಲ್ಲ ಎಂಬ ಅರ್ಥದಲ್ಲಿ ತಮ್ಮನ್ನೇ ಹಳಿದುಕೊಂಡಿದ್ದಾರೆ. ಅಷ್ಟು ದೊಡ್ಡ ಭಕ್ತರು ಹಾಗೆ ಹೇಳುವುದಾದರೆ ನನ್ನಂಥವನ ಗತಿ ಎಂತ ಎಂದು ಈಗ ಯೋಚನೆ ಬರುತ್ತದೆ.

ನನ್ನ ಮನೆ ನರಿಮೊಗರಿನಲ್ಲಿ. ಪುತ್ತೂರಿನಿಂದ ಸುಬ್ರಹ್ಮಣ್ಯದ ಕಡೆಗೆ ರೈಲಿನಲ್ಲಿ ಬಂದವರು ಆ ನಿಲ್ದಾಣವನ್ನು ನೋಡಿರಬಹುದು. ಒಂದು ಎಕರೆಗೆ ಸ್ವಲ್ಪ ಕಮ್ಮಿ ಅಡಿಕೆ ತೋಟ ಉಂಟು, ಅದರ ನಡುವೆ ಕೊಕ್ಕೋ ಗಿಡಗಳು. ಬೇರೆ ಊರಿನಿಂದ ಬರುವ ಭಕ್ತರಿಗೆ ಗೊತ್ತಿರಲಿ ಎಂದು ಹೇಳುತ್ತೇನೆ: ಚಾಕಲೇಟು ಆಗುವುದು ಈ ಕೊಕ್ಕೋ ಬೀಜದಿಂದ. ಪುತ್ತೂರಿನ ಕೆಮ್ಮಿಂಜೆಯಲ್ಲಿ ಕ್ಯಾಂಪ್ಕೋದವರ ಚಾಕಲೇಟು ಕಾರ್ಖಾನೆ 1986ರಲ್ಲಿ ಶುರುವಾಯಿತು. ಅಡಿಕೆಯ ನೆರಳಿನಲ್ಲಿ ಬೆಳೆಯುವ ಕಾರಣ ನಮ್ಮ ಕಡೆ ಹೆಚ್ಚಿನವರ ತೋಟದಲ್ಲಿ ಇದು ಉಂಟು.

ಅಳಿಲಿಗೆ ಕೊಕ್ಕೋ ಎಂದರೆ ಪ್ರಾಣ. ಹಣ್ಣಾಗುತ್ತಾ ಬಂದ ಕಾಯಿಗೆ ಒಂದು ತೂತು ಕೊರೆದು, ಬೀಜದ ಸುತ್ತ ಇರುವ ಬಿಳಿ ಸಿಹಿ ತಿರುಳನ್ನು ತಿನ್ನುತ್ತದೆ. ಬೀಜ ಅದಕ್ಕೆ ಬೇಡ, ಕೆಳಗೆ ಉದುರಿಸುತ್ತದೆ. ಹಿಂದೆ ನಾವು ಇದನ್ನು ದೊಡ್ಡ ಸಂಗತಿ ಎಂದು ಮಾಡಲಿಲ್ಲ. ಬುಡದಲ್ಲಿ ಬಿದ್ದ ಬೀಜ ಹೆಕ್ಕಿ ತರುವುದು ಮಕ್ಕಳ ಕೆಲಸ, ಅಷ್ಟೆ. 2024ರ ಬೇಸಿಗೆಯಲ್ಲಿ ಕೊಕ್ಕೋ ಧಾರಣೆ ಹಿಂದೆಂದೂ ಕಾಣದಷ್ಟು ಏರಿತು. ಹಸಿ ಬೀಜ ಕಿಲೋಗೆ 300 ರೂಪಾಯಿ ದಾಟಿತು. ಆಗ ನನ್ನೊಳಗಿನ ಗುಮಾಸ್ತ ಎದ್ದು ಕೂತು ಲೆಕ್ಕ ಹಾಕಿದ: ಒಂದು ಕಾಯಿಯಲ್ಲಿ ಹಸಿ ಬೀಜ ಸುಮಾರು ನೂರು ಗ್ರಾಂ. ಅಳಿಲು ಒಂದು ಕಾಯಿ ಕೊರೆದರೆ ಮೂವತ್ತು ರೂಪಾಯಿ ಹೋಯಿತು. ಮುಂಚೆ ಅದೇ ಕಾಯಿಗೆ ಐದಾರು ರೂಪಾಯಿ. ಅಳಿಲಿನ ಹಸಿವು ಮೊದಲು ಎಷ್ಟಿತ್ತೋ ಅಷ್ಟೇ ಇತ್ತು. ಏರಿದ್ದು ಧಾರಣೆ. ಆದರೂ ಕಳ್ಳನ ಹಾಗೆ ಕಂಡದ್ದು ಅಳಿಲು.

ಆಚೆ ಮನೆಯವರ ಹತ್ತಿರದಿಂದ ಒಂದು ಬೋನು ತಂದೆ. ಮೂರು ಅಳಿಲು ಬಿದ್ದವು. ಬಿದ್ದದ್ದನ್ನು ಎಂತ ಮಾಡುವುದು ಎಂದು ಕೆಲಸದವನು ಕೇಳಿದ. "ನೋಡು, ಎಂತಾದ್ರೂ ಮಾಡು" ಅಂದೆ. ಅವನು ಬೋನನ್ನು ಹಾಗೆಯೇ ತೋಟದ ಕೆರೆಗೆ ಇಳಿಸಿದ. ನಾನು ಅಡಿಕೆ ಮರದ ತುದಿ ನೋಡುತ್ತಾ ನಿಂತೆ, ಗೊನೆ ಎಷ್ಟುಂಟು ಎಂದು ಲೆಕ್ಕ ಹಾಕುವವನ ಹಾಗೆ. ಮೂರು ಸಲವೂ ಹಾಗೇ ನಿಂತೆ.

ಮೂರನೆಯದ್ದು ಬಿದ್ದ ಮರುದಿನ ಬೆಳಿಗ್ಗೆ ಹಿತ್ತಿಲಿನ ಬಚ್ಚಲು ಕೊಟ್ಟಿಗೆಯ ಹಿಂದೆ ಏನೋ ಕಿರುಗುಟ್ಟುವ ಶಬ್ದ. ಹಕ್ಕಿಮರಿ ಎಂದುಕೊಂಡೆವು. ಮಗಳು ಹೋಗಿ ನೋಡಿದಳು. ಎರಡು ಅಳಿಲು ಮರಿಗಳು, ಕಣ್ಣು ಇನ್ನೂ ಬಿಟ್ಟಿಲ್ಲ, ಹೆಬ್ಬೆರಳಿನ ಗಾತ್ರ. ಒಂದಕ್ಕೆ ಆಗಲೇ ಇರುವೆ ಮುತ್ತಿತ್ತು, ಜೀವ ಇರಲಿಲ್ಲ. ಇನ್ನೊಂದರ ಹಣೆಯಲ್ಲಿ ಗಾಯ, ಮೈ ತಣ್ಣಗೆ. ಮಾಡಿನ ಸಂದಿಯಲ್ಲಿ ಅಡಿಕೆ ನಾರು, ಹಳೆ ಬಟ್ಟೆಯ ನೂಲು ಸೇರಿಸಿ ಕಟ್ಟಿದ ಗೂಡು ಇತ್ತು. ಹಸಿವಾದಾಗ ಮರಿಗಳು ತಾಯಿಯನ್ನು ಹುಡುಕಿ ಗೂಡಿನಿಂದ ಹೊರಗೆ ತೆವಳುತ್ತವೆ, ಹಾಗೆ ಬೀಳುತ್ತವೆ ಎಂದು ಆಮೇಲೆ ಗೊತ್ತಾಯಿತು.

"ಅಪ್ಪಾ, ಇದರ ಅಮ್ಮ ಎಲ್ಲಿ?" ಎಂದು ಮಗಳು ಕೇಳಿದಳು.

"ಬರ್ತದೆ" ಅಂದೆ.

ಆ ಮಾತು ಹೇಳುವಾಗ ನನ್ನ ಬಾಯಿ ಒಣಗಿತ್ತು. ಹಿಂದಿನ ದಿನದ್ದೇ ಇದರ ತಾಯಿ ಎಂದು ಹೇಳಲಿಕ್ಕೆ ಸಾಕ್ಷಿ ಏನೂ ಇಲ್ಲ. ಅಲ್ಲ ಎಂದು ಹೇಳಲಿಕ್ಕೂ ಇಲ್ಲ.

ಇಲ್ಲಿಂದ ಮುಂದಿನದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ದಯೆ ಇದ್ದರೆ ಸಾಕು ಎಂದು ನಾನು ತಿಳಿದಿದ್ದೆ. ಅದು ಸಾಲದು. ನಮ್ಮ ಅಮ್ಮ, ಎಂಬತ್ತು ದಾಟಿದವರು, ದನದ ಹಾಲು ಬಿಸಿ ಮಾಡಿ ಹತ್ತಿಯಲ್ಲಿ ಅದ್ದಿ ತಂದರು. ಪ್ರೀತಿಯಿಂದಲೇ ತಂದದ್ದು. ನಾನು ಅಷ್ಟರಲ್ಲಿ ಪರಿಚಯದ ಪಶುವೈದ್ಯರಿಗೆ ಫೋನು ಮಾಡಿದ್ದೆ. ಅವರು ಮೊದಲು ಹೇಳಿದ ಮಾತೇ "ಬಾಯಿಗೆ ಏನೂ ಹಾಕ್ಬೇಡಿ" ಎಂದು. ತಣ್ಣಗಾದ ಮರಿಗೆ ಹೊಟ್ಟೆಗೆ ಕೊಟ್ಟರೆ ಜೀರ್ಣ ಆಗುವುದಿಲ್ಲ. ಮೊದಲು ಮೈ ಬೆಚ್ಚಗಾಗಬೇಕು. ಬಾಟಲಿಗೆ ಬಿಸಿನೀರು ತುಂಬಿಸಿ, ಬಟ್ಟೆ ಸುತ್ತಿ, ಪಕ್ಕದಲ್ಲಿ ಇಡಬೇಕು, ಬೇಕಾದರೆ ಮರಿ ಅದರಿಂದ ಆಚೆ ಸರಿಯುವಷ್ಟು ಜಾಗ ಇರಬೇಕು. ದನದ ಹಾಲು ಕೊಟ್ಟರೆ ಭೇದಿ ಹಿಡಿದು ಹೋಗುತ್ತದೆ. ಮಗುವಿಗೆ ಕೊಡುವ ಹಾಗೆ ಅಂಗಾತ ಮಲಗಿಸಿ ಹನಿ ಬಿಟ್ಟರೆ ಶ್ವಾಸಕೋಶಕ್ಕೆ ಇಳಿದು ಸಾಯುತ್ತದೆ. ಹೀಗೆ ಪ್ರೀತಿ ಮಾಡಿಯೇ ಕೊಂದವರು ಎಷ್ಟು ಜನ ಇದ್ದಾರೋ.

ಎರಡನೆಯದ್ದಾಗಿ ಅವರು ಹೇಳಿದ್ದು, ತಾಯಿಗೆ ಒಂದು ಅವಕಾಶ ಕೊಡಿ ಎಂದು. "ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ" ಎಂದು ಅಮ್ಮ ಹೇಳಿದರು, ನಾವೆಲ್ಲ ಹಾಗೇ ಕೇಳಿ ಬೆಳೆದವರು. ಅದು ಸರಿಯಲ್ಲವಂತೆ. ಮರಿ ಬೆಚ್ಚಗಿದ್ದು ಕೂಗುತ್ತಿದ್ದರೆ ತಾಯಿ ಬಂದು ಕಚ್ಚಿಕೊಂಡು ಹೋಗುತ್ತದೆ. ನನ್ನ ಹಳೆಯ ಮುಟ್ಟಾಳೆಯೊಂದನ್ನು ಮಗುಚಿ, ಒಳಗೆ ಬಟ್ಟೆ ಹಾಕಿ, ಮರಿಯನ್ನು ಇಟ್ಟು, ಬೆಕ್ಕಿಗೆ ಎಟುಕದ ಹಾಗೆ ಗೂಡಿನ ಹತ್ತಿರವೇ ಕಟ್ಟಿದೆವು. ನಡುನಡುವೆ ಬಿಸಿನೀರಿನ ಬಾಟಲಿ ಬದಲಾಯಿಸಿದೆವು. ಮಗಳು ಶಾಲೆಗೆ ರಜೆ ಇದ್ದ ಕಾರಣ ಜಗಲಿಯಲ್ಲಿ ಕೂತು ಕಾದಳು. ನಾನು ಕಛೇರಿಗೆ ಬಂದೆ. ಆ ದಿನ ಕೂಡ ಇಬ್ಬರು ಬಂದು "ಅಳಿಲು ಸೇವೆ" ಅಂದರು. ರಶೀದಿಯಲ್ಲಿ ಹೆಸರು ತಪ್ಪು ಬರೆದು ಹರಿದು ಮತ್ತೆ ಬರೆಯಬೇಕಾಯಿತು.

ಸಂಜೆ ಹೋಗುವಾಗ ಮುಟ್ಟಾಳೆ ಕಟ್ಟಿದಲ್ಲಿಯೇ ಇತ್ತು. ತಾಯಿ ಬಂದಿರಲಿಲ್ಲ.

ಆಮೇಲಿನದ್ದು ಎರಡೂವರೆ ತಿಂಗಳಿನ ಕೆಲಸ. ವೈದ್ಯರು ಹೇಳಿದ ನಾಯಿಮರಿಯ ಹಾಲಿನ ಪುಡಿ, ಸೂಜಿ ತೆಗೆದ ಸಣ್ಣ ಸಿರಿಂಜು, ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ. ಕಣ್ಣು ಬಿಡದ ಮರಿಗೆ ತಾನಾಗಿ ಮೂತ್ರ ಮಾಡ್ಲಿಕ್ಕೂ ಬರುವುದಿಲ್ಲ, ತಾಯಿ ನೆಕ್ಕಿ ಮಾಡಿಸುತ್ತದೆ. ಅದನ್ನು ಒದ್ದೆ ಹತ್ತಿಯಿಂದ ಸವರಿ ನಾವು ಮಾಡಿಸಬೇಕು. ನನ್ನ ಹೆಂಡತಿ "ನಮ್ಮ ಮಕ್ಕಳಿಗೆ ನೀವು ಇಷ್ಟು ಮಾಡಿದ್ದನ್ನು ನಾನು ಕಾಣ್ಲಿಲ್ಲ" ಅಂದಳು. ಸತ್ಯ. ಅರಣ್ಯ ಇಲಾಖೆಗೂ ಫೋನು ಮಾಡಿ ತಿಳಿಸಿದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವ ದೇಶದಲ್ಲಿ ಕಾಡಿನ ಜೀವಿಯನ್ನು ನಾಯಿ ಬೆಕ್ಕಿನ ಹಾಗೆ ಸಾಕಿಕೊಳ್ಳುತ್ತೇನೆ ಎಂದರೆ ಆಗುವುದಿಲ್ಲ. ದೊಡ್ಡಾದ ಕೂಡಲೇ ಬಿಡಬೇಕು ಎಂಬ ಮಾತಿನ ಮೇಲೆ ನಮ್ಮಲ್ಲಿ ಉಳಿಯಿತು. ಬೆಂಗಳೂರಿನಲ್ಲಾದರೆ ಕೆಂಗೇರಿಯ ಕಡೆ ಪೀಪಲ್ ಫಾರ್ ಅನಿಮಲ್ಸ್‌ನವರ ವನ್ಯಜೀವಿ ಆಸ್ಪತ್ರೆ ಉಂಟು, ಅಳಿಲನ್ನೂ ನೋಡುತ್ತಾರೆ. ಹಳ್ಳಿಯಲ್ಲಿ ಸಿಕ್ಕಿದವನೇ ಆಸ್ಪತ್ರೆ.

ಮರಿ ಚೇತರಿಸಿಕೊಂಡು ಕಣ್ಣು ಬಿಟ್ಟಾಗ ಬೋನು ಕೊಟ್ಟ ಆಚೆ ಮನೆಯ ಅಣ್ಣ ಬಂದು ನೋಡಿದರು. ನೋಡಿ ನಕ್ಕರು. "ತೋಟದಲ್ಲಿ ಕೊಲ್ಲುವುದು, ಹಿತ್ತಿಲಲ್ಲಿ ಸಾಕುವುದು. ಇದೆಂತ ನಾಟಕ ಮಾರಾಯ್ರೇ?" ಎಂದು ಕೇಳಿದರು. ಅವರು ಕುಹಕಕ್ಕೆ ಕೇಳಿದ್ದಲ್ಲ, ಸಹಜವಾಗಿ ಕೇಳಿದ್ದು. ನನಗೆ ಉತ್ತರ ಬರಲಿಲ್ಲ. ಈ ಲೇಖನ ಅವರಿಗೆ ನಾನು ಆ ದಿನ ಕೊಡಬೇಕಾಗಿದ್ದ ಉತ್ತರ ಎಂದೇ ತಿಳಿಯಿರಿ.

ಮೊದಲು ನನಗೆ ಹೊಳೆದದ್ದು ಒಂದು ಸುಲಭದ ಉತ್ತರ. ಕಣ್ಣೆದುರು ಬಂದು ಬಿದ್ದದ್ದು ನನ್ನ ಹೊಣೆ, ಉಳಿದದ್ದು ದೇವರ ಹೊಣೆ. ಶಿಬಿ ಚಕ್ರವರ್ತಿಯ ತೊಡೆಯ ಮೇಲೆ ಬಂದು ಬಿದ್ದದ್ದು ಒಂದು ಪಾರಿವಾಳ, ಅವನು ಲೋಕದ ಎಲ್ಲಾ ಪಾರಿವಾಳ ಹುಡುಕಿಕೊಂಡು ಹೋಗಲಿಲ್ಲ. ಈ ಉತ್ತರ ನನಗೆ ಎರಡು ದಿನ ಸಮಾಧಾನ ಕೊಟ್ಟಿತು. ಮೂರನೆಯ ದಿನ ಯೋಚನೆ ಬಂತು: ಆ ಮೂರು ಅಳಿಲುಗಳೂ ನನ್ನ ಕಣ್ಣೆದುರೇ ಬಂದವಲ್ಲ? ನನ್ನದೇ ಬೋನಿನೊಳಗೆ, ನಾನಿಟ್ಟ ಹಣ್ಣಿಗೇ ಬಂದವು. ಮರಿಯಷ್ಟೇ ಹತ್ತಿರ ಇದ್ದವು. ವ್ಯತ್ಯಾಸ ಇದ್ದದ್ದು ಇಷ್ಟೆ, ಮರಿಯನ್ನು ನೋಡಿದೆ, ಅವುಗಳನ್ನು ನೋಡಲಿಲ್ಲ. ಅಡಿಕೆ ಗೊನೆ ನೋಡಿದೆ.

ಶಿಬಿಯ ಕಥೆಯಲ್ಲಿಯೂ ನಾವು ಅರ್ಧ ಮಾತ್ರ ನೆನಪಿಟ್ಟುಕೊಂಡಿದ್ದೇವೆ ಅನ್ನಿಸುತ್ತದೆ. ಗಿಡುಗ ಬಂದು ಕೇಳುತ್ತದೆ, "ನಿನ್ನ ದಯೆ ಪಾರಿವಾಳಕ್ಕೆ ಮಾತ್ರವೋ, ನನ್ನ ಹಸಿವಿಗೆ ಯಾರು?" ಎಂಬ ಅರ್ಥದಲ್ಲಿ. ಅರಸ ಅದನ್ನು ಓಡಿಸಲಿಲ್ಲ. ಪ್ರಶ್ನೆ ನ್ಯಾಯದ್ದು ಎಂದು ಒಪ್ಪಿ, ಅದರ ಬೆಲೆಯನ್ನು ತನ್ನ ಮೈಯಿಂದಲೇ ಕೊಟ್ಟ. ನನ್ನ ಮನೆಯಲ್ಲಿ ಗಿಡುಗನ ಜಾಗದಲ್ಲಿ ಇದ್ದವನು ನಾನೇ. ತೋಟದ ಆದಾಯ ಬೇಕು, ಮಗಳ ಫೀಸು ಕಟ್ಟಬೇಕು, ಅದೂ ಸುಳ್ಳಲ್ಲ. ಕೃಷಿಕನು ಅಳಿಲಿಗೆ ಎಲ್ಲವನ್ನೂ ಬಿಟ್ಟುಕೊಡಬೇಕೆಂದು ನಾನು ಹೇಳುವುದಿಲ್ಲ. ಹಾಗೆ ಹೇಳುವವರಿಗೆ ತೋಟ ಇರುವುದಿಲ್ಲ. ಆದರೆ ಬೆಲೆ ಕೊಡುವ ಬೇರೆ ದಾರಿ ಇತ್ತೋ ಎಂದು ನಾನು ಒಂದು ದಿನವಾದರೂ ಹುಡುಕಿದ್ದೇನೆಯೇ? ಹುಡುಕಲಿಲ್ಲ. ಬೋನು ಸುಲಭ ಇತ್ತು.

ನಾಟಕ ಎಂಬ ಮಾತಿಗೆ ಬರುತ್ತೇನೆ. ಎರಡೂ ಕಡೆ ಒಂದೇ ರೀತಿ ಇರಬೇಕು ಎಂದು ಹೇಳುವವರು, "ಹಾಗಾದರೆ ಬೋನು ತೆಗೆ" ಎಂದು ಹೇಳುವುದನ್ನು ನಾನು ಕೇಳಲಿಲ್ಲ. "ಹಾಗಾದರೆ ಮರಿಯನ್ನೂ ಬಿಡು, ಅದರ ಪ್ರಾರಬ್ಧ" ಎಂದೇ ಹೇಳುತ್ತಾರೆ. ಕೆಟ್ಟದ್ದಕ್ಕೆ ಸಮನಾಗುವ ಹಾಗೆ ಒಳ್ಳೆಯದನ್ನು ಇಳಿಸುವುದಕ್ಕೆ ಪ್ರಾಮಾಣಿಕತೆ ಎಂದು ಹೆಸರು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಕುಡುಕನೊಬ್ಬ ಬಿದ್ದ ಮಗುವನ್ನು ಎತ್ತಿದರೆ ಎತ್ತಿದ್ದು ಸುಳ್ಳಾಗುತ್ತದೆಯೇ? ಪ್ರಾರಬ್ಧ ಎಂದು ಹೇಳುವುದಾದರೆ, ಮರಿ ಬಿದ್ದದ್ದು ಅದರ ಪ್ರಾರಬ್ಧವಾದರೆ ನನ್ನ ಕಣ್ಣಿಗೆ ಬಿದ್ದದ್ದೂ ಅದರ ಪ್ರಾರಬ್ಧವೇ ಅಲ್ವಾ?

ಹಾಗೆಂದು ಇದು ಪ್ರಾಯಶ್ಚಿತ್ತವೂ ಅಲ್ಲ. ಕಛೇರಿಯಲ್ಲಿ ಕೂತವನಿಗೆ ಜಮಾ ಖರ್ಚಿನ ಅಭ್ಯಾಸ. ಮೂರು ಖರ್ಚು, ಒಂದು ಜಮಾ, ಬಾಕಿ ಎರಡು ಎಂದು ಮನಸ್ಸು ಬರೆಯಲಿಕ್ಕೆ ಹೊರಟಿತ್ತು. ಆದರೆ ಕೆರೆಗೆ ಹೋದದ್ದಕ್ಕೆ ಈ ಮರಿ ಬದುಕಿದ್ದರಿಂದ ಎಂತ ಪ್ರಯೋಜನ ಆಯಿತು? ಆ ಪುಟ ಹಾಗೇ ಇರುತ್ತದೆ.

ಇನ್ನೊಂದು ವಿಷಯವನ್ನೂ ಮುಚ್ಚಿಡಬಾರದು. ಇಲಿಗೆ ನಾನು ಈಗಲೂ ಮದ್ದು ಇಡುತ್ತೇನೆ. ಇಲಿಯೂ ಕೊಕ್ಕೋ ಕೊರೆಯುತ್ತದೆ, ಮನೆಯೊಳಗೂ ಬರುತ್ತದೆ, ರೋಗ ತರುತ್ತದೆ. ಆದರೂ ಅಳಿಲಿನ ಬೆನ್ನಿಗೆ ಮೂರು ಗೆರೆ ಇಲ್ಲದೆ ಹೋಗಿದ್ದರೆ, ಬಾಲ ಇಷ್ಟು ಚಂದ ಇಲ್ಲದೆ ಹೋಗಿದ್ದರೆ ನಾನು ಮುಟ್ಟಾಳೆ ಹುಡುಕುತ್ತಿದ್ದೆನೋ? ಇಲಿ ಗಣಪತಿಯ ವಾಹನ, ಆದರೂ ಅದಕ್ಕೆ ಯಾರೂ ಕಣ್ಣೀರು ಹಾಕುವುದಿಲ್ಲ. ದೆಹಲಿಯ ಚಾಂದನಿ ಚೌಕದ ಹತ್ತಿರ ಜೈನ ಲಾಲ್ ಮಂದಿರದವರ ಪಕ್ಷಿ ಆಸ್ಪತ್ರೆ ಉಂಟು. ಅಹಿಂಸೆಯನ್ನು ಅಷ್ಟು ಕಟ್ಟುನಿಟ್ಟಾಗಿ ನಡೆಸುವ ಅಲ್ಲಿಯೂ ಕಾಳುಕಡಿ ತಿನ್ನುವ ಹಕ್ಕಿಗಳನ್ನು ಒಳಗೆ ಇಟ್ಟುಕೊಳ್ಳುತ್ತಾರೆ, ಮಾಂಸ ತಿನ್ನುವ ಹಕ್ಕಿಗೆ ಮದ್ದು ಮಾಡಿ ಕಳಿಸುತ್ತಾರೆ. ಎಲ್ಲೋ ಒಂದು ಕಡೆ ಗೆರೆ ಎಳೆಯದೆ ಯಾರಿಗೂ ಆಗಲಿಲ್ಲ. ಇಲಿಯ ವಿಷಯದಲ್ಲಿ ನನ್ನ ಗೆರೆ ಸರಿಯಾದ ಜಾಗದಲ್ಲಿ ಉಂಟು ಎಂದು ನಾನು ವಾದ ಮಾಡಲಿಕ್ಕೆ ಹೋಗುವುದಿಲ್ಲ.

ಜುಲೈ ಕೊನೆಯ ಹೊತ್ತಿಗೆ ಮರಿ ಪೂರ್ತಿ ಅಳಿಲಾಗಿತ್ತು. ತಾನೇ ಹಣ್ಣು ತಿನ್ನುತ್ತಿತ್ತು, ನೆಲಗಡಲೆ ಒಡೆಯುತ್ತಿತ್ತು, ಪರದೆ ಹತ್ತಿ ಮಾಡಿಗೆ ಹಾರುತ್ತಿತ್ತು. ಬಿಡಬೇಕಾದ ಸಮಯ. ನಾನು "ಮಳೆ ಸ್ವಲ್ಪ ಬಿಡಲಿ" ಅಂದೆ. ಆಟಿಯ ಮಳೆ ಎಲ್ಲಿ ಬಿಡುತ್ತದೆ? ಒಂದು ದಿನ ಬಿಸಿಲು ಬಂದಾಗ "ಬೆಕ್ಕು ತಿರುಗ್ತಾ ಉಂಟು, ನಾಳೆ ನೋಡುವ" ಅಂದೆ. ನಾನು ಕಛೇರಿಯಿಂದ ಬಂದು ಅಂಗಿ ತೆಗೆಯುವ ಮೊದಲೇ ಹೆಗಲಿಗೆ ಹಾರುತ್ತಿತ್ತು. ನಿಜ ಹೇಳಬೇಕೆಂದರೆ ಮಗಳಿಗಿಂತ ನನಗೇ ಅದು ಬೇಕಾಗಿತ್ತು.

ಆಗ ನೆನಪಾದದ್ದು ಭಾಗವತದ ಐದನೆಯ ಸ್ಕಂಧದ ಭರತ ಮಹಾರಾಜನ ಕಥೆ. ರಾಜ್ಯ ಬಿಟ್ಟು ಗಂಡಕಿ ನದಿಯ ಹತ್ತಿರ ತಪಸ್ಸಿಗೆ ಕೂತವನು. ಸಿಂಹದ ಗರ್ಜನೆಗೆ ಹೆದರಿ ಹೊಳೆ ಹಾರಿದ ಗಬ್ಬದ ಜಿಂಕೆ ಮರಿ ಹಾಕಿ ಸತ್ತಿತು. ನೀರಿನಲ್ಲಿ ತೇಲಿಹೋಗುವ ಮರಿಯನ್ನು ಭರತ ಎತ್ತಿ ಸಾಕಿದ. ಸಾಕುತ್ತಾ ಸಾಕುತ್ತಾ ಜಪ ಹೋಯಿತು, ತಪ ಹೋಯಿತು, ಸಾಯುವಾಗಲೂ ಜಿಂಕೆಯದ್ದೇ ಧ್ಯಾನ, ಮುಂದಿನ ಜನ್ಮದಲ್ಲಿ ಜಿಂಕೆಯಾಗಿ ಹುಟ್ಟಿದ. ನಮ್ಮ ಹಿರಿಯರು ಈ ಕಥೆ ಹೇಳಿ "ಪ್ರಾಣಿಗಳ ಉಸಾಬರಿ ಬೇಡ" ಎಂದು ಮುಗಿಸುತ್ತಿದ್ದರು. ನನಗೆ ಹಾಗೆ ಕಾಣುವುದಿಲ್ಲ. ನೀರಿನಿಂದ ಎತ್ತಿದ್ದು ತಪ್ಪು ಎಂದು ಆ ಕಥೆಯಲ್ಲಿ ಎಲ್ಲಿಯೂ ನನಗೆ ಸಿಗಲಿಲ್ಲ. ಎತ್ತದೆ ಕಣ್ಣು ಮುಚ್ಚಿ ಜಪ ಮಾಡಿದ್ದರೆ ಅದೆಂಥ ಜಪ? ಅವನು ಎಡವಿದ್ದು ಆಮೇಲೆ. ಮರಿಗೆ ತಾನು ಬೇಕಾಗಿದ್ದ ಕಾಲ ಮುಗಿದು, ತನಗೆ ಮರಿ ಬೇಕಾದ ಕಾಲ ಯಾವಾಗ ಶುರುವಾಯಿತು ಎಂದು ಅವನಿಗೆ ತಿಳಿಯಲಿಲ್ಲ. ನನಗೂ ಎರಡು ವಾರ ತಿಳಿಯಲಿಲ್ಲ. ಮನುಷ್ಯರಿಗೆ ಒಗ್ಗಿಹೋದ ಅಳಿಲು ಬೆಕ್ಕಿಗೂ ಹೆದರುವುದಿಲ್ಲ, ನಾಯಿಗೂ ಹೆದರುವುದಿಲ್ಲ. ನಮ್ಮ ಆಸೆಗೆ ಅದು ಜೀವ ತೆರಬೇಕಾಗುತ್ತದೆ.

ಆಟಿ ಮುಗಿದು ಸೋಣ ಹಿಡಿದ ಮೇಲೆ ಒಂದು ಬೆಳಿಗ್ಗೆ ಹಿತ್ತಿಲಿನ ಹಲಸಿನ ಮರಕ್ಕೆ ಹಲಗೆಯ ಪೆಟ್ಟಿಗೆಯೊಂದನ್ನು ಕಟ್ಟಿ, ಅದರೊಳಗೆ ಬಿಟ್ಟು ಬಾಗಿಲು ತೆರೆದಿಟ್ಟೆವು. ಮೊದಲ ಮೂರು ನಾಲ್ಕು ರಾತ್ರಿ ಪೆಟ್ಟಿಗೆಗೆ ಬಂದು ಮಲಗಿತು. ಆಮೇಲೆ ಬರಲಿಲ್ಲ. ಈಗ ತೋಟದಲ್ಲಿ ಕಾಣುವ ಅಳಿಲುಗಳಲ್ಲಿ ಅದು ಯಾವುದು ಎಂದು ಗುರುತಿಸಲಿಕ್ಕೆ ಆಗುವುದಿಲ್ಲ. ಹಣೆಯ ಗಾಯ ಕೂದಲಿನಲ್ಲಿ ಮುಚ್ಚಿಹೋಗಿತ್ತು. ಅದೂ ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು, ಎಲ್ಲವನ್ನೂ ಅದೇ ಇರಬಹುದೋ ಎಂದು ನೋಡಬೇಕಾಗುತ್ತದೆ.

ಬೋನನ್ನು ತಿರುಗಿ ಕೊಟ್ಟೆ. ಈಗ ಕೊಕ್ಕೋ ಕಾಯಿ ಬಣ್ಣ ತಿರುಗಿದ ಕೂಡಲೇ, ಹತ್ತು ದಿನಕ್ಕೊಮ್ಮೆ ತಪ್ಪದೆ ಕೊಯ್ಯುತ್ತೇನೆ. ಮೊದಲು ತಿಂಗಳಿಗೊಮ್ಮೆ ಒಟ್ಟಿಗೆ ಕೊಯ್ಯುವುದು, ಅಷ್ಟು ದಿನ ಹಣ್ಣು ಮರದಲ್ಲಿಯೇ ನೇತಾಡುವುದು, ಅಳಿಲಿಗೆ ಊಟ ಬಡಿಸಿಟ್ಟ ಹಾಗೆ. ಕೊಯ್ಲಿಗೆ ಜನ ಸಿಗದೆ ಆದಿತ್ಯವಾರ ನಾನೇ ಕತ್ತಿ ಹಿಡಿಯಬೇಕು, ಬೆನ್ನು ನೋಯುತ್ತದೆ. ನಷ್ಟ ಪೂರ್ತಿ ನಿಲ್ಲಲಿಲ್ಲ, ಆದರೆ ಮೊದಲಿನ ಅರ್ಧವೂ ಇಲ್ಲ. ಆಚೆ ಮನೆಯ ಅಣ್ಣ ಮಾತ್ರ ಬೋನು ಇಡುವುದನ್ನು ಬಿಟ್ಟಿಲ್ಲ. ಅವರ ಹತ್ತಿರ ಜಗಳ ಮಾಡಲಿಕ್ಕೆ ನನಗೆ ಮುಖ ಇಲ್ಲ. ಕೊಯ್ಲಿನ ಲೆಕ್ಕ ತೋರಿಸಿದ್ದೇನೆ. "ನೋಡುವ" ಎಂದಿದ್ದಾರೆ.

ಕೊನೆಗೆ ಭಕ್ತರಲ್ಲಿ ಒಂದು ವಿನಂತಿ. ನಮ್ಮ ಗುಡ್ಡದ ಮೆಟ್ಟಿಲಿನ ಎರಡೂ ಬದಿ ಮರಗಳುಂಟು, ಗಾಳಿಮಳೆಗೆ ಗೂಡು ಬೀಳುತ್ತದೆ. ಮರಿಯೋ ಗಾಯವಾದ ಅಳಿಲೋ ಕಂಡರೆ ಬರಿಗೈಯಲ್ಲಿ ಹಿಡಿಯಬೇಡಿ, ದೊಡ್ಡ ಅಳಿಲು ಹೆದರಿ ಕಚ್ಚುತ್ತದೆ. ಶಾಲೋ ಟವೆಲೋ ಮೇಲೆ ಹಾಕಿ ಎತ್ತಿ. ಅಕಸ್ಮಾತ್ ಕಚ್ಚಿದರೆ ಸಾಬೂನು ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಡಾಕ್ಟರಿಗೆ ತೋರಿಸಿ. ಮೈಯಲ್ಲಿ ಉಣ್ಣಿ ಇರಬಹುದು, 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಕಂಡ ಮಂಗನ ಕಾಯಿಲೆ ಹರಡುವುದು ಉಣ್ಣಿಯಿಂದಲೇ, ಹಾಗಾಗಿ ಮೈಗೆ ತಾಗಿಸಿಕೊಳ್ಳಬೇಡಿ. ಬೆಕ್ಕು ಕಚ್ಚಿದ ಅಳಿಲಾದರೆ ಗಾಯ ಸಣ್ಣದು ಕಂಡರೂ ತಡಮಾಡಬೇಡಿ, ಬೆಕ್ಕಿನ ಹಲ್ಲಿನ ನಂಜು ಒಂದೆರಡು ದಿನದಲ್ಲಿ ಕೊಲ್ಲುತ್ತದೆ, ಪಶುವೈದ್ಯರ ಮದ್ದು ಬೇಕೇ ಬೇಕು. ಬಿಸ್ಕತ್ತು, ಹಾಲು, ತೀರ್ಥ ಏನನ್ನೂ ಬಾಯಿಗೆ ಹಾಕಬೇಡಿ. ಕತ್ತಲೆಯ ಪೆಟ್ಟಿಗೆಯಲ್ಲಿ, ಗಾಳಿಗೆ ತೂತು ಮಾಡಿ, ಸದ್ದಿಲ್ಲದ ಜಾಗದಲ್ಲಿ ಇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926.

ಅಥವಾ ಕಛೇರಿಗೆ ತನ್ನಿ. ರಶೀದಿ ಪುಸ್ತಕಗಳ ಕಪಾಟಿನ ಕೆಳಗಿನ ಅರೆಯಲ್ಲಿ ಒಂದು ಮುಟ್ಟಾಳೆ, ಹಳೆಯ ಬಟ್ಟೆ, ಬಿಸಿನೀರಿನ ಬಾಟಲಿ ಇಟ್ಟಿದ್ದೇನೆ. ನಾನು ರಜೆಯಲ್ಲಿದ್ದರೆ ಪ್ರಸಾದದ ಕೌಂಟರಿನ ಹುಡುಗನಿಗೂ ಗೊತ್ತುಂಟು. ಇದಕ್ಕೆ ರಶೀದಿ ಇಲ್ಲ.